ಅಳೆಯದ ಮರಗಳ ಸುತ್ತಳತೆ

ಸತ್ತ ಮರ ದಪ್ಪವಾಗುವುದಿಲ್ಲ. ಆದರೆ ದೆಹಲಿಯ ಅಂಚಿನ ಒಂದು ನೆಡುತೋಪಿನಲ್ಲಿ ಸತ್ತ ಮರಗಳು ಕಳೆದ ವರ್ಷ, ಅಂದರೆ 2005ರಲ್ಲಿ, ಮೂರು ಸೆಂಟಿಮೀಟರ್ ದಪ್ಪವಾಗಿವೆ. ಸರ್ಕಾರಿ ಕಾಗದದಲ್ಲಿ.

ಅದನ್ನು ಹಿಡಿದವರು ಇಂದುಶೇಖರ. ಸರ್ಕಾರಿ ಕಚೇರಿಯಲ್ಲಿ ಅಂಕಿಅಂಶ ಸಹಾಯಕ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಮನೆ. ರಸ್ತೆಗಾಗಿ ಕಡಿದ ಮರಗಳಿಗೆ ಬದಲಾಗಿ ನೆಟ್ಟ ಐದು ಸಾವಿರ ಮರಗಳ ಸುತ್ತಳತೆ ಪ್ರತಿವರ್ಷ ಅವರ ಮೇಜಿಗೆ ಬರುತ್ತದೆ. ಪ್ರತಿ ಮರವನ್ನೂ ಅದು ನಿಂತ ಜಾಗದಲ್ಲೇ ನಕ್ಷೆಯ ಮೇಲೆ ಚುಕ್ಕೆಯಾಗಿ ಇಡುತ್ತಾರೆ. ದಪ್ಪ ಮರಕ್ಕೆ ದೊಡ್ಡ ಚುಕ್ಕೆ. ನಿಜವಾದ ತೋಪಿನಲ್ಲಿ ದೊಡ್ಡ ಮರ ಪಕ್ಕದ್ದರ ಬಿಸಿಲು, ನೀರು ಕಿತ್ತುಕೊಳ್ಳುತ್ತದೆ, ಪಕ್ಕದ್ದು ಬಡಕಲಾಗುತ್ತದೆ. ಈ ಸಲ ಅಂಥ ಜಗಳವೇ ಇಲ್ಲ. ಒಳಗಿನ ಪ್ರತಿ ಚುಕ್ಕೆಯೂ ಅಕ್ಕಪಕ್ಕದವುಗಳ ಸರಾಸರಿ.

ಅಂದರೆ ಅವನ್ನು ಯಾರೂ ಅಳೆದಿಲ್ಲ, ಸೂತ್ರ ಹಾಕಿ ತುಂಬಿದ್ದಾರೆ. ಆ ಸೂತ್ರ ಇಂದುಶೇಖರರದೇ! ಎರಡು ವರ್ಷದ ಹಿಂದೆ, ಮುಳ್ಳುಪೊದೆಯಲ್ಲಿ ಸಿಕ್ಕ ಹತ್ತಿಪ್ಪತ್ತು ಮರ ಅಳೆಯಲಾಗದಾಗ, ನೆರೆಮರಗಳಿಂದ ಅಂದಾಜು ಮಾಡಿ ಎಂದು ಟಿಪ್ಪಣಿ ಬರೆದುಕೊಟ್ಟಿದ್ದರು.

ಭಾನುವಾರ ಬಸ್ಸು ಹತ್ತಿ ತೋಪಿಗೆ ಹೋಗಿ ನೋಡಿದರು. ರಸ್ತೆಗೆ ಕಾಣುವಷ್ಟು ಹಸಿರು. ಒಳಗೆ ಬರೀ ಒಣಕಡ್ಡಿ.

ಸೋಮವಾರ ಅಧಿಕಾರಿ ಈಶ್ವರಪ್ಪ ವರದಿ ಮುಂದಿಟ್ಟರು. "ಚಲೋ, ಸಹಿ ಹಾಕಯ್ಯ."

"ಸಾರ್, ಒಳಗಿನವು ಸತ್ತಿವೆ."

"ಅಚ್ಛಾ? ಸೂತ್ರ ಹಡೆದೋನು ನೀನು, ಈಗ ಮಗು ನಂದಲ್ಲ ಅಂತೀಯಾ? ತನಿಖೆ ಬಂದ್ರೆ ಮೊದಲ ಹೆಸರು ನಿಂದೇ."

ನಾಳೆ ಕೊಡುತ್ತೇನೆಂದು ಇಂದುಶೇಖರ ಫೈಲು ಹಿಡಿದು ಮನೆಗೆ ಬಂದರು. ಊಟಕ್ಕೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಹೆಂಡತಿ ವೈಜಯಂತಿ ಹೊರಬಾಗಿಲು ಹಾಕಿಯೇ ಮಾತಾಡಿದರು. "ಕ್ವಾರ್ಟರ್ಸ್ ಬಿಡಿಸಿದ್ರೆ ಏನ್ರೀ ಗತಿ? ಮುಂದಿನ ತಿಂಗಳು ಮಗಳ ಬೋರ್ಡ್ ಪರೀಕ್ಷೆ."

ಮಗಳು ಧನ್ಯಾ ಪುಸ್ತಕದಿಂದ ತಲೆ ಎತ್ತಿದಳು. "ಪಪ್ಪಾ, ಝೂಠ್ ಹೈ. ಸುಳ್ಳಿಗೆ ಸೈನ್ ಯಾಕೆ?"

ಮರುದಿನ ಅವರು ವರದಿಯ ಕೆಳಗೆ ಬರೆದರು: "ಒಳಗಿನ ಮರಗಳನ್ನು ಅಳೆದಿಲ್ಲ. ಅವು ಸತ್ತಿವೆ, ಕಣ್ಣಾರೆ ನೋಡಿದ್ದೇನೆ. ಸೂತ್ರ ನನ್ನದು, ಹೀಗೆ ಬಳಸಲು ಕೊಟ್ಟದ್ದಲ್ಲ." ಸಹಿ ಮಾಡಿ ಫೈಲನ್ನು ಈಶ್ವರಪ್ಪನವರ ಮೇಜಿನ ಮೇಲಿಟ್ಟರು.

ಮೂರು ವಾರವಾಯಿತು. ಫೈಲು ಎಲ್ಲಿದೆಯೋ ಯಾರೂ ಹೇಳುವುದಿಲ್ಲ. ಸಹೋದ್ಯೋಗಿಗಳು ಚಹಾಕ್ಕೆ ಕರೆಯುವುದಿಲ್ಲ. ಪೋಸ್ಟ್‌ಮ್ಯಾನ್ ಬೆಲ್ ಒತ್ತಿದರೂ ಇಂದುಶೇಖರ ಬೆಚ್ಚುತ್ತಾರೆ. "ನನ್ನ ಹೆಸರು ಹಾಕಿಯೇ ಬರೀರಿ," ಎಂದರು ಪತ್ರಿಕೆಗೆ ಬರೆಯುವ ನನಗೆ, "ಹೆಸರಿಲ್ಲದವನನ್ನ ಕತ್ತಲಲ್ಲಿ ಮುಗಿಸೋದು ಅವರಿಗೆ ಸುಲಭ."

ಬರೆದಿದ್ದೇನೆ. ಪೇಪರಿನಲ್ಲಿ ಇಂಥ ತೋಪುಗಳ ಹಸಿರು ಫೋಟೋ ನೋಡಿ ತಲೆದೂಗಿದವರೇ, ಈಗ ನಿಮ್ಮ ಸರದಿ. ನಿಮ್ಮ ಹತ್ತಿರದ ತೋಪಿಗೆ ಹೋಗಿ, ನಿಂತ ಮರ ಎಣಿಸಿ, ಕಂಡದ್ದನ್ನು ಬರೆದು ಅರಣ್ಯ ಇಲಾಖೆಗೆ ಕಳಿಸಿ. ಕೆಳಗೆ ನಿಮ್ಮ ಪೂರ್ತಿ ಹೆಸರು, ವಿಳಾಸ ಹಾಕಿ.