ನಿದ್ದೆಯಲ್ಲಿರುವ ಗಿಡಕ್ಕೆ ನೀರು

ಸಿಸ್ಟರ್ ಅವರ ಬಲಗೈಯ ಎರಡು ಬೆರಳುಗಳ ಉಗುರಿನ ಸಂದಿಯಲ್ಲಿ ಸದಾ ಕೆಂಪು ಗರಸು ಮಣ್ಣಿನ ಗೆರೆ ಇರುತ್ತಿತ್ತು. ಉಳಿದ ಎಂಟು ಬೆರಳು ಆಸ್ಪತ್ರೆಯ ಶಿಸ್ತಿನಲ್ಲಿ ಸ್ವಚ್ಛ. ಬೆಳಿಗ್ಗೆ ಗಿಡದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ತೋರುಬೆರಳು ನಡುಬೆರಳು ಎರಡನ್ನೂ ಮಣ್ಣಿನೊಳಗೆ ಇಳಿಸಿ, ಕಣ್ಣನ್ನು ಬೇರೆಲ್ಲೋ ನೆಟ್ಟು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದರು. ನಾಡಿ ನೋಡುವವರು ಹಾಗೆ ಕೂರುತ್ತಾರೆ. ಆಮೇಲೆ ಕೈ ಝಾಡಿಸಿ ಎದ್ದು, ಹೆಚ್ಚಿನ ದಿನ, ಒಂದೇ ಮಾತು: "ನೀರು ಬ್ಯಾಡ ಇದಕ್ಕ."

ನಾನು ಮಸ್ಕಿಯ ಶಾಲೆಗೆ ವರ್ಗವಾಗಿ ಬಂದಾಗ ಅವರ ಮನೆಯ ಹಿಂದಿನ ಎರಡು ಕೋಣೆಗಳಿಗೆ ಬಾಡಿಗೆಗೆ ಹೋದೆ. ಗುಡ್ಡದ ಬುಡ, ಲಿಂಗಸುಗೂರು ರಸ್ತೆಯಿಂದ ಸ್ವಲ್ಪ ಒಳಗೆ. ಅವರು ನಿವೃತ್ತ ನರ್ಸ್, ಮದುವೆಯಾಗಿರಲಿಲ್ಲ. ಓಣಿಯ ಮುದುಕರೂ ಮಕ್ಕಳೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ನನ್ನದು ಗೊರೇಬಾಳ, ಕಾಲುವೆ ನೀರಿನ ಊರು. ಅವರಿಗೆ ಅದೇ ಒಂದು ತಮಾಷೆ. "ಬಾರವಾ ಕಾಲುವಿ ಊರಾಕಿ, ನಿನ್ನ ಕೊಡ ಬಾಗಲಾಗ ಇಟ್ಟು ಬಾ," ಎನ್ನುತ್ತಿದ್ದರು.

ಅಂಗಳದಲ್ಲಿ ಅವರು ಬೆಳೆಸಿದ್ದು ವಿಚಿತ್ರ ತೋಟ. ಗುಡ್ಡದ ಮೇಲೆ ತಾನಾಗಿ ಬೆಳೆಯುವ ತಂಗಡಿ, ಬಂದರಿಕೆ, ಕಾರೆ, ಎಕ್ಕೆ. ಅವುಗಳ ನಡುವೆ ಕಲ್ಲು ಗರಸು ಏರಿಸಿ ಮಾಡಿದ ಸಣ್ಣ ದಿಬ್ಬಗಳ ಮೇಲೆ ರೋಸ್‌ಮೇರಿ, ಲ್ಯಾವೆಂಡರ್, ಒಂದು ಆಲಿವ್ ಗಿಡ. ನಡುವಯಸ್ಸಿನಲ್ಲಿ ಅವರು ಆರು ವರ್ಷ ಸೈಪ್ರಸ್ ದ್ವೀಪದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ವಾಪಸು ಬರುವಾಗ ಆ ಮುದುಕಿ ತನ್ನ ರೋಸ್‌ಮೇರಿಯ ಐದು ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಇವರ ಟಿಫಿನ್ ಡಬ್ಬಿಯಲ್ಲಿ ಇಟ್ಟಿದ್ದಳಂತೆ. ಐದೂ ಇಲ್ಲಿ ಬೇರು ಬಿಟ್ಟಿದ್ದವು.

ಹಾಲು ಹಾಕುವವನು ಒಮ್ಮೆ ಎಕ್ಕೆಯ ಮುಂದೆ ನಿಂತು ನಕ್ಕ. "ಏನ್ರೀ ಸಿಸ್ಟರ್, ಹೊರಗ ಎಮ್ಮಿ ಮೂಸಿ ನೋಡಂಗಿಲ್ಲ ಇದನ್ನ. ನೀವು ಕಂಪೌಂಡ್ ಕಟ್ಟಿ ಸಾಕೀರಿ."

"ಎಮ್ಮಿ ಮೂಸಂಗಿಲ್ಲ ಅಂತನ ಸಾಕೀನಿ. ನೀ ಹಾಲಿಗೆ ಹಾಕೋ ನೀರು ಉಳಿಸಿದ್ರ ಬಾಳೆ ಹಚ್ಚತೀನಿ, ತಗೊಂಡು ಬಾ."

ಪ್ರತಿ ದಿಬ್ಬವೂ ತಂಗಡಿಯ ಪೂರ್ವಕ್ಕೆ ಇತ್ತು. ಯಾಕೆ ಎಂದು ಕೇಳಿದ್ದಕ್ಕೆ, ಮಧ್ಯಾಹ್ನದ ನಂತರದ ಬಿಸಿಲನ್ನು ತಂಗಡಿ ತಾನೇ ತಡೆದುಕೊಳ್ಳುತ್ತದೆ ಎಂದರು. "ಇದು ಇಲ್ಲೇ ಹುಟ್ಟಿದ್ದು, ಈ ಬಿಸಲು ಇದಕ್ಕ ಗೊತ್ತೈತಿ. ಹೊರಗಿಂದ ಬಂದಾಕಿ ಇದರ ಬಾಜೂಕ ಕುಂದ್ರಬೇಕು." ದಿಬ್ಬ ಯಾಕೆ ಎಂದರೆ ಅದಕ್ಕೂ ಉತ್ತರವಿತ್ತು. ಆ ದೇಶದಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಬೇಸಿಗೆಯ ಬೆನ್ನಿಗೇ ಮಳೆ. ಆ ನೀರು ಬೇರಿನಲ್ಲಿ ನಿಲ್ಲದೆ ಇಳಿದು ಹೋಗಬೇಕು. "ಬ್ಯಾಸಗ್ಯಾಗ ಇವು ಸತ್ತಂಗ ಕಾಣ್ತಾವ. ಸತ್ತಿರಂಗಿಲ್ಲ, ಮಕ್ಕೊಂಡಿರ್ತಾವ."

ನಾನು ಇದನ್ನೆಲ್ಲ ಕೇಳಿದ್ದೆ. ಕೇಳಿಯೂ ತಪ್ಪು ಮಾಡಿದೆ ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ.

ಎರಡನೆಯ ವರ್ಷ ಮೇ ತಿಂಗಳಲ್ಲಿ ಸಿಸ್ಟರ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಆರೈಕೆಗೆಂದು ಸಾಲಗುಂದದ ತಮ್ಮ ಅಕ್ಕನ ಮನೆಯಲ್ಲಿ ಹದಿನೈದು ದಿನ ಉಳಿದರು. ಹೋಗುವಾಗ ತೋಟದ ಬಗ್ಗೆ ಏನೂ ಹೇಳಲಿಲ್ಲ. ನೋಡಿಕೊಳ್ಳಲು ಏನೂ ಇಲ್ಲ ಎಂಬುದೇ ಅವರ ತೋಟದ ಅರ್ಥವಾಗಿತ್ತು. ಮೂರನೆಯ ದಿನ ರೋಸ್‌ಮೇರಿಯ ಎಲೆ ಬೂದಿ ಬಣ್ಣಕ್ಕೆ ತಿರುಗಿದ್ದು ಕಂಡಿತು. ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿದ್ದ ಕಾಲ. ನಾನು ಕುಡಿಯಲು ಹಿಡಿದಿಟ್ಟ ನೀರಿನಲ್ಲಿ ದಿನಕ್ಕೆ ಒಂದು ಕೊಡದಂತೆ ಐದು ಗಿಡಕ್ಕೂ ಹಂಚಿ ಹಾಕಿದೆ. ಬಾಡಿದ್ದಕ್ಕೆ ನೀರು ಹಾಕಬೇಕು; ನಮ್ಮೂರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹಾಕುವಾಗ ನನಗೆ ಸಂತೋಷವಾಗುತ್ತಿತ್ತು.

ಸಿಸ್ಟರ್ ಬಂದ ದಿನ ಕಪ್ಪು ಕನ್ನಡಕ ತೆಗೆಯದೆ ನೇರ ತೋಟಕ್ಕೆ ಹೋದರು. ಬೆರಳು ಇಳಿಸಿದರು. ಒಂದು ಗಿಡವನ್ನು ಹಿಡಿದು ಎಳೆದರೆ ಅದು ತಡೆಯದೆ ಕೈಗೆ ಬಂತು. ಬೇರನ್ನು ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಮುಚ್ಚಿಟ್ಟ ಅನ್ನ ಹಳಸಿದ ವಾಸನೆ. ಒಟ್ಟು ನಾಲ್ಕು ಹಾಗೇ ಬಂದವು. ಎತ್ತರದ ದಿಬ್ಬದ್ದೊಂದು ಮಾತ್ರ ಗಟ್ಟಿಯಾಗಿ ನಿಂತಿತ್ತು.

"ಕುಡಿಯೋ ನೀರು ಹಾಕಿದೇನು?"

"ಹೌದ್ರಿ."

"ಮತ್ತ ನೀ ಏನು ಕುಡದಿ?"

ನಾನು ಸತ್ತ ಗಿಡಗಳನ್ನು ಎತ್ತಿ ಮೆಟ್ಟಿಲಿನ ಒಂದು ಬದಿಗೆ ಇಟ್ಟೆ.

"ಬೈಬೇಕು ಅನಸ್ತದ. ಬೈಯಾಕ ಬರವಲ್ದು," ಎಂದು ಮೆಟ್ಟಿಲ ಮೇಲೆ ಕೂತರು. ಅಲ್ಲಿ ಕೂತು ಅವರು ಹೇಳಿದ್ದನ್ನು ಆದಷ್ಟು ಅವರದೇ ಮಾತಿನಲ್ಲಿ ಬರೆಯುತ್ತೇನೆ.

"ಲಿಂಗಸುಗೂರಾಗ ಒಂದು ಸಣ್ಣ ದವಾಖಾನಿಯೊಳಗ ನನ್ನ ಮೊದಲನೇ ನೌಕರಿ. ಗಿಡದ ಮ್ಯಾಗಿಂದ ಬಿದ್ದ ಒಬ್ಬನ್ನ ತಂದಿದ್ರು. ಎಚ್ಚರಿಲ್ಲ, ಆದ್ರ ನಾಡಿ ಚೊಲೊ ಇತ್ತು. ಬದಕಾಂವ ಇದ್ದ. ಅವನ ತಾಯಿ ಹೋಗೇ ಬಿಟ್ಟ ಅನಕೊಂಡ್ಳು. ಕೊನೀ ನೀರು ಬಿಡತೀನಿ, ಒಂದು ಚಮಚ ಯವ್ವಾ, ಅಂತ ನನ್ನ ಕೈ ಹಿಡಕೊಂಡ್ಳು. ಎಚ್ಚರಿಲ್ದಾಂವ ನುಂಗಂಗಿಲ್ಲ, ನೀರು ಉಸರಿನ ದಾರಿ ಹಿಡೀತದ. ನನಗ ಗೊತ್ತಿತ್ತು. ಗೊತ್ತಿದ್ದೂ ಕಿಟಕಿ ಕಡೆ ಮುಖ ಮಾಡಿ ನಿಂತೆ. ಆಕಿ ಹಾಕಿದ್ಳು. ಅಂವ ಕೆಮ್ಮಿದ್ದು ಕೇಳಿ ಹೊಳ್ಳಿ ನೋಡಿದೆ."

ಬೆರಳಿಗೆ ಹತ್ತಿದ ಮಣ್ಣು ಉಜ್ಜುತ್ತ ಹೇಳಿದರು: "ಆ ನೀರಿಂದನ ಹೋದ ಅಂತ ಆ ತಾಯಿಗೆ ಇವತ್ತಿಗೂ ಗೊತ್ತಿಲ್ಲ. ಮಗನ ಬಾಯಿಗೆ ನೀರು ಬಿಟ್ಟು ಕಳಿಸಿದೆ ಅಂತ ಸಮಾಧಾನ ಆಕಿಗೆ."

ಆಮೇಲೆ ನನ್ನಿಂದ ಒಂದು ಮಾತು ತೆಗೆದುಕೊಂಡರು. ತಮಗೆ ಎಚ್ಚರವಿಲ್ಲದಾಗ ಯಾರೂ ಬಾಯಿಗೆ ನೀರು ಹಾಕಬಾರದು. "ಅಕ್ಕ ಬಿಡಂಗಿಲ್ಲ, ಹಾಕತೀನಿ ಅಂತಾಳ. ನೀ ನಿಂತು ತಡೀಬೇಕು. ಮುಖ ತಿರುವಬ್ಯಾಡ." ಸತ್ತ ನಾಲ್ಕು ಗಿಡ ಇನ್ನೂ ಮೆಟ್ಟಿಲ ಮೇಲೇ ಬಿದ್ದಿದ್ದವು. ಅವರು ಆಗ ಏನು ಕೇಳಿದರೂ ನಾನು ಹೂಂ ಎನ್ನುತ್ತಿದ್ದೆ.

ಅದಾದ ಮೇಲೆ ಎರಡು ವರ್ಷ ಚೆನ್ನಾಗಿದ್ದರು. ಉಳಿದ ರೋಸ್‌ಮೇರಿಯಿಂದ ಕಡ್ಡಿ ಮಾಡಿ ಮತ್ತೆ ನೆಟ್ಟರು. ನನಗೂ ಬೆರಳು ಇಳಿಸಿ ನೋಡುವುದನ್ನು ಕಲಿಸಿದರು. ನಾನು ನೀರು ಬೇಕು ಎಂದಾಗಲೆಲ್ಲ ನಕ್ಕು, "ಕಾಲುವಿ ನೀರು ಇನ್ನ ಇಳಿದಿಲ್ಲ ನಿನ್ನ ಕೈಯಾಗಿಂದು," ಎನ್ನುತ್ತಿದ್ದರು.

ಹೋದ ಫೆಬ್ರವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಮಿದುಳಿನ ರಕ್ತಸ್ರಾವ ದೊಡ್ಡದು, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ತುಟಿ ಒಣಗದಂತೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಪೂರ್ತಿ ಹಿಂಡಿ, ಸವರುವುದನ್ನು ಅಲ್ಲಿನ ನರ್ಸ್ ನನಗೆ ತೋರಿಸಿಕೊಟ್ಟರು. ಸಿಸ್ಟರ್ ಅವರನ್ನು ಪಡಸಾಲೆಯಲ್ಲಿ ಮಲಗಿಸಿದೆವು. ಸಾಲಗುಂದದ ಅಕ್ಕ ಬಂದು ಹಾಸಿಗೆಯ ಬಳಿಯೇ ಇದ್ದರು.

ಮನೆಗೆ ತಂದ ಮೂರನೆಯ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಉಸಿರಿನ ಸದ್ದು ಬದಲಾಯಿತು. ಅಕ್ಕ ಎದ್ದು ಒಳಗೆ ಹೋಗಿ, ಸಣ್ಣ ತಂಬಿಗೆಯಲ್ಲಿ ನೀರು, ತುಳಸಿ ಎಲೆ, ಚಮಚ ತಂದರು. ನಾನು ಹಾಸಿಗೆಗೂ ಅವರಿಗೂ ನಡುವೆ ನಿಂತೆ.

"ಬ್ಯಾಡ್ರಿ ಅಕ್ಕಾರ. ಹಾಕಬಾರದು ಅಂತ ಅವರ ಹೇಳ್ಯಾರ."

"ಆಚಿ ಸರಿ ಬೇ. ನೀ ಬಾಡಿಗಿಗೆ ಇರಾಕಿ. ನಾ ಆಕಿನ್ನ ಎತ್ತಿ ಆಡಿಸಿದಾಕಿ."

"ನನ್ನ ಕಡೆ ಮಾತು ತಗೊಂಡಾರ್ರಿ."

"ಸಾಯಾಕತ್ಯಾಳ. ಕಾಣಸವಲ್ದೇನು ನಿನಗ? ಇನ್ನೇನು ಕೆಡ್ತದ ಒಂದು ಚಮಚ ನೀರಿಗೆ?"

ಅವರು ಕೇಳಿದ್ದು ಸರಿಯಾಗಿತ್ತು. ಕೆಡುವುದಕ್ಕೆ ಏನೂ ಉಳಿದಿರಲಿಲ್ಲ. ಇದ್ದದ್ದು ನಾನು ಕೊಟ್ಟ ಮಾತು ಒಂದೇ. ನಾನು ಕದಲಲಿಲ್ಲ. ಅಕ್ಕ ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು, ನೀರು ತುಳುಕಿತು. "ತಂಬಿಗಿ ತುಂಬ ನೀರು ಇಟಗೊಂಡು ಆಕಿನ್ನ ಹಂಗ ಒಣ ಬಾಯಿಲೆ ಕಳಸ್ತೀ," ಎಂದು ಅಲ್ಲೇ ನೆಲದ ಮೇಲೆ ಕೂತರು.

ನಾನು ಹತ್ತಿ ಅದ್ದಿ, ಹಿಂಡಿ, ಸಿಸ್ಟರ್ ತುಟಿಗೆ ಸವರಿದೆ. ಎಂಟು ದಿನಗಳಿಂದ ಕದಲದಿದ್ದ ತುಟಿ ಆಗ ಮುಚ್ಚಿಕೊಂಡು ಹತ್ತಿಯನ್ನು ಹಿಡಿಯಿತು. ಕೂಸು ಹಿಡಿಯುವ ಹಾಗೆ, ಎರಡು ಸಲ ಚೀಪಿತು. ಮೂರನೆಯ ಸಲಕ್ಕೆ ನಾನು ಹತ್ತಿಯನ್ನು ಎಳೆದುಕೊಂಡೆ. ಎಳೆಯುವಾಗ ತುಟಿ ಅದರ ಹಿಂದೆ ಸ್ವಲ್ಪ ಬಂತು.

ಹನ್ನೊಂದಕ್ಕೆ ಮೊದಲೇ ಅವರು ಹೋದರು. ಕೆಮ್ಮಲಿಲ್ಲ.

ಹಾಗೆ ತುಟಿ ಆಡುವುದು ಮಿದುಳಿನ ಅರಿವಿಲ್ಲದೆಯೂ ಆಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಹೇಳಿದರು. ನನಗೆ ನಂಬಿಕೆಯಿದೆ. ಆದರೂ ಪಾಠ ಮಾಡುವಾಗ, ಅನ್ನ ಬಸಿಯುವಾಗ, ನನ್ನ ಎರಡು ಬೆರಳ ತುದಿಯಲ್ಲಿ ಆ ಎಳೆತ ಇದ್ದಕ್ಕಿದ್ದ ಹಾಗೆ ಬರುತ್ತದೆ. ಇಷ್ಟು ಹಗುರ ಎಂದು ಯಾರಿಗೂ ತೋರಿಸಿ ಹೇಳಲಾರೆ.

ಸಿಸ್ಟರ್ ಅವರ ದಿವಸದ ಕಾರ್ಯ ಮುಗಿಯುವವರೆಗೂ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಊರಿಗೆ ಹೊರಟ ದಿನ ಅವರ ಚೀಲ ಹಿಡಿದು ನಾನೂ ಮಸ್ಕಿ ಬಸ್‌ ನಿಲ್ದಾಣಕ್ಕೆ ಹೋದೆ. ಬೇಡ ಎನ್ನಲಿಲ್ಲ. ಸಿಂಧನೂರು ಬಸ್ಸು ಬಂದು ನಿಂತ ಮೇಲೆ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ನನ್ನ ಕಡೆ ನೋಡದೆ ಕೇಳಿದರು.

"ಆಕಿ ಹತ್ತಿ ಚೀಪಿದ್ದು ನೀನೂ ನೋಡಿದೆಲ್ಲ?"

"ನೋಡೀನ್ರಿ."

"ಹಂಗಾದ್ರ ನಾ ಒಬ್ಬಾಕೇ ಅಲ್ಲ," ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದರು.