ಚಪಾತಿ ಲಟ್ಟಿಸಿದ ದೆವ್ವ

ಬಿಜ್ಜರಗಿಯ ರೊಟ್ಟಿ ದೆವ್ವದ ಕಥೆ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಸತ್ತ ಸೊಸೆ ನಸುಕಿನಲ್ಲಿ ಬಂದು ರೊಟ್ಟಿ ಬಡಿಯುತ್ತಾಳೆ. ಮಲಗಿದ ಅತ್ತೆಗೆ ಟಪ ಟಪ ಸಪ್ಪಳ ಕೇಳುತ್ತದೆ. ಎದ್ದು ಹೋದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ. ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಮನೆಮಂದಿಯ ಲೆಕ್ಕಕ್ಕಿಂತ ಒಂದು ಹೆಚ್ಚು. ಆ ಹೆಚ್ಚಿನ ರೊಟ್ಟಿ ಯಾರಿಗೆ ಎಂದು, ಈ ಕಥೆ ಹೇಳುತ್ತಿದ್ದ ನಮ್ಮ ದೊಡ್ಡವ್ವ ಬಿಡಿಸುತ್ತಲೇ ಇರಲಿಲ್ಲ. ಸುಮ್ಮನೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಸಣ್ಣವನಿದ್ದಾಗ ಬೆಳಗಿನ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ದೊಡ್ಡವ್ವನ ತವರು ಆ ಬಿಜ್ಜರಗಿಯೇ. ಈಗ ಬಬಲೇಶ್ವರದಲ್ಲಿ ಮಗನ ಮನೆಯಲ್ಲಿದ್ದಾಳೆ. ಆಕೆ ಕಥೆಗೆ ಬಾಯಿ ತೆರೆದರೆ ಸಾಕು, ಮೂವರು ಮೊಮ್ಮಕ್ಕಳೂ ಮೊಬೈಲಿಗೆ ಕೈ ಹಾಕುತ್ತಾರೆ. ಅದು ಆಕೆಗೆ ಬಹಳ ನೋವು. ಹೀಗಾಗಿ ರೊಟ್ಟಿ ದೆವ್ವದ ಸಿನಿಮಾ ಬಂದಿದೆ ಎಂದು ನಾನು ಫೋನ್ ಮಾಡಿದಾಗ ಹಿಗ್ಗೋ ಹಿಗ್ಗು.

"ನೋಡ್ಲಿ ಇವು. ಇನ್ನ ಮ್ಯಾಲ ನನ್ನ ಮಾತ ಕೇಳ್ತಾವ" ಎಂದಳು.

ಇಳಕಲ್ ಸೀರೆ ಉಟ್ಟು, ಮೊಮ್ಮಕ್ಕಳನ್ನು ಕಟ್ಟಿಕೊಂಡು, ನಾನಿರುವ ವಿಜಯಪುರಕ್ಕೆ ಮಧ್ಯಾಹ್ನದ ಆಟಕ್ಕೆ ಬಂದಳು.

ಸಿನಿಮಾದ ದೆವ್ವ ಮೊದಲು ಈಜುಕೊಳದ ಪಕ್ಕ ಕುಣಿಯಿತು. ಊರ ತುಂಬ ಮಂಜು ಬೇರೆ. ಬಿಸಿಲು ಸುಡುವ ಬಿಜ್ಜರಗಿಯಲ್ಲಿ ಮಂಜಂತೆ! ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು, ಹಲ್ಲು ಕಡಿಯುತ್ತ ಕೂತೆ. "ತಡಿಯೋ ತಮ್ಮಾ, ಅಡಗಿಮನಿ ಬರ್ಲಿ" ಎಂದು ದೊಡ್ಡವ್ವನೇ ಸಮಾಧಾನ ಮಾಡಿದಳು.

ಅಡುಗೆಮನೆ ಬಂತು. ದೆವ್ವ ಗ್ಯಾಸ್ ಹಚ್ಚಿ, ಲಟ್ಟಣಿಗೆ ಹಿಡಿದು, ಸದ್ದಿಲ್ಲದೆ ಚಪಾತಿ ಲಟ್ಟಿಸತೊಡಗಿತು.

ದೊಡ್ಡವ್ವ ಎದ್ದು ನಿಂತಳು. "ಏ ಹುಚ್ಚಿ! ರೊಟ್ಟಿ ಬಡಿಯಬೇ!"

ಇಡೀ ಥೇಟರು ಬೆಚ್ಚಿಬಿತ್ತು. ಮುಂದಿನ ಸಾಲಿನವನೊಬ್ಬ ಕಿಟಾರನೆ ಕಿರುಚಿಕೊಂಡ. ಆ ಆಟದಲ್ಲಿ ಜನ ಹೆದರಿದ್ದು ಅದೊಂದೇ ಸಲ.

ವಿರಾಮದಲ್ಲಿ ಮ್ಯಾನೇಜರನನ್ನು ಹುಡುಕಿಕೊಂಡು ಹೋದಳು. "ಸಪ್ಪಳನ ಇಲ್ಲಂದ್ರ ಅತ್ತಿ ಹ್ಯಾಂಗ ಅಂಜಬೇಕ್ರಿ?"

ಆತ ಪಾಪ, ಕುರ್ಚಿ ಕೊಟ್ಟು ಕೂರಿಸಿದ. "ಯವ್ವಾ, ನಾವು ಬರೇ ತೋರಸಾವ್ರು. ದೆವ್ವ ಬೆಂಗಳೂರಿಂದ ಬಂದೈತ್ರಿ, ಅದಕ್ಕ ರೊಟ್ಟಿ ಬಡಿಯಾಕ ಬರಂಗಿಲ್ಲ."

"ಬರಂಗಿಲ್ಲಂದ್ರ ದೆವ್ವ ಯಾಕ ಆಗಬೇಕಿತ್ತು?"

ಮ್ಯಾನೇಜರ ಆಕೆಗೊಂದು ಚಹಾ ತರಿಸಿಕೊಟ್ಟ. ಮೊಮ್ಮಕ್ಕಳು ಮಾತ್ರ ಸಿನಿಮಾ ಮುಗಿಯುವವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಪಸ್ ಬಸ್ ಹತ್ತಿಸಲು ಹೋದರೆ ದೊಡ್ಡವ್ವ ನನ್ನ ಕೈ ಕೊಸರಿಕೊಂಡಳು. ಯಾಕಾದರೂ ಕರೆಸಿದೆನೋ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮುಂದಿನ ಭಾನುವಾರ ತಪ್ಪೊಪ್ಪಿಕೊಳ್ಳಲೆಂದೇ ಬಬಲೇಶ್ವರಕ್ಕೆ ಹೋದೆ. ನೋಡಿದರೆ ದೊಡ್ಡವ್ವ ಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದಾಳೆ! ಸುತ್ತ ಮೂವರು ಮೊಮ್ಮಕ್ಕಳು, ಪಕ್ಕದ ಮನೆಯ ಇನ್ನಿಬ್ಬರು. ಒಬ್ಬರ ಕೈಯಲ್ಲೂ ಮೊಬೈಲ್ ಇಲ್ಲ. ನನಗೆ ಎಲ್ಲಿಲ್ಲದ ಖುಷಿ. ಹತ್ತಿರ ಹೋಗಿ ಕಿವಿಗೊಟ್ಟೆ.

ಸತ್ತ ಸೊಸೆ ಈಜುಕೊಳದ ಪಕ್ಕ ಕುಣಿಯುತ್ತಿದ್ದಳು. ಬಿಜ್ಜರಗಿಯಲ್ಲಿ ಮಂಜು ಬೀಳುತ್ತಿತ್ತು. ದೊಡ್ಡವ್ವ ಕೂತಲ್ಲೇ ಸೊಂಟ ಅಲ್ಲಾಡಿಸಿ ತೋರಿಸಿದಳು, ಮಕ್ಕಳು ಕೇಕೆ ಹಾಕಿದವು.

ಆಕೆಯ ಕಿವಿಯ ಬಳಿ ಬಾಗಿ ಕೇಳಿದೆ. "ದೊಡ್ಡವ್ವಾ, ನಿನ್ನ ಕತಿ ಎಲ್ಲಿ ಹೋತು?"

ಆಕೆ ಮಕ್ಕಳ ಮೇಲಿನ ಕಣ್ಣು ತೆಗೆಯದೆ, ಸಣ್ಣ ದನಿಯಲ್ಲಿ ಹೇಳಿದಳು:

"ಸುಮ್ನ ಕುಂದ್ರಲೇ. ಎಷ್ಟ ದಿನಕ್ಕ ಕುಂತಾವು."