ಶಿವಲೀಲಾ ರಿಂಗ್ ಸೇರಿದಳು

‘ನಾನೂ ರಿಂಗ್ ಸೇರಿದೆ ಕಣೇ’ ಅಂದಳು ಶಿವಲೀಲಾ. ಕಳೆದ ಭಾನುವಾರ, ಚನ್ನಗಿರಿಯ ಅವಳ ವೆಲ್ಡಿಂಗ್ ಶಾಪಿನಲ್ಲಿ. ಗೇಟು ರಿಪೇರಿಗೆಂದು ಹೋಗಿದ್ದ ನಾನು ಟೀ ಲೋಟವನ್ನು ಹಾಗೇ ಕೆಳಗಿಟ್ಟೆ.

ಶಿವಲೀಲಾ ನನ್ನ ಹೈಸ್ಕೂಲ್ ಗೆಳತಿ. ಗಂಡ ತೀರಿಕೊಂಡ ಮೇಲೆ ಶಾಪನ್ನು ತಾನೇ ನಡೆಸಿ ಕಂಪನಿಯಾಗಿ ಬೆಳೆಸಿದವಳು. ಕಬ್ಬಿಣದ ಮಂಚ, ಬೆಂಚು ಮಾಡಿಸುತ್ತಾಳೆ.

ರಿಂಗ್ ಅಂದರೆ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.) ಸರ್ಕಾರಿ ಟೆಂಡರ್ ಈ ಸಲ ಯಾರಿಗೆ ಎಂದು ಗುತ್ತಿಗೆದಾರರೇ ಒಳಗೊಳಗೆ ತೀರ್ಮಾನಿಸಿಬಿಡುವುದು. ಉಳಿದವರು ಬೇಕೆಂದೇ ದುಬಾರಿ ರೇಟು ಹಾಕಿ ಸೋತು, ತಮ್ಮ ಸರದಿಗೆ ಕಾಯುವುದು.

ಹೋದ ವರ್ಷ ಜಗಳೂರು ಕಡೆಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಕ್ಕೆ ಮಂಚದ ಟೆಂಡರ್ ಬಂತು. ಗುತ್ತಿಗೆದಾರನೊಬ್ಬ ಇವಳಿಗೆ ಫೋನ್ ಮಾಡಿದ. ‘ಅಕ್ಕಾರೆ, ಇದು ನಮಗೆ ಫಿಕ್ಸ್ ಆಗೈತೆ. ನೀವು ಸುಮ್ನೆ ಮೇಲಿನ ರೇಟ್ ಹಾಕ್ರಿ.’

‘ನಾನು ಟೆಂಡರ್ ಹಾಕೋದು ಮಂಚ ಮಾಡಾಕೆ, ನಾಟಕ ಮಾಡಾಕೆ ಅಲ್ಲ’ ಎಂದು ಇವಳು ಫೋನ್ ಇಟ್ಟಳು.

ಫಲಿತಾಂಶ? ರೇಟು ನೋಡುವ ಮೊದಲೇ ಇವಳ ಅರ್ಜಿ ತಿರಸ್ಕೃತ. ಕಾರಣ, ಅನುಭವ ಸಾಲದು! ಗೆದ್ದವನು ಫೋನ್ ಮಾಡಿದ್ದ ಆ ಮಹಾಶಯನೇ. ಅವನ ಬಳಿ ಒಂದು ವೆಲ್ಡಿಂಗ್ ಮಷೀನೂ ಇಲ್ಲ. ಸೀದಾ ಇವಳ ಶಾಪಿಗೇ ಬಂದ. ‘ನೀವೇ ಮಾಡಿಕೊಡ್ರಿ. ಪೈಪ್ ಮಾತ್ರ ತೆಳ್ಳಗಿಂದು ಹಾಕ್ರಿ. ಪೇಂಟ್ ಹೊಡೆದ್ರೆ ಯಾರಿಗೆ ಗೊತ್ತಾಗತೈತೆ?’

ಶಿವಲೀಲಾ ಬಾಗಿಲು ತೋರಿಸಿದಳು. ಮಂಚಗಳು ಇನ್ನೆಲ್ಲೋ ತಯಾರಾದವು.

ಕೆಲ ತಿಂಗಳ ನಂತರ ಅದೇ ಹಾಸ್ಟೆಲ್ಲಿನ ಕಾರ್ಯಕ್ರಮಕ್ಕೆ ನಾನು ಅತಿಥಿ. ಮಂಚಗಳನ್ನೆಲ್ಲ ಗೋಡೆಗೆ ಒರಗಿಸಿದ್ದರು. ಹುಡುಗಿಯರ ಚಾಪೆ ನೆಲದ ಮೇಲೆ.

‘ಯಾಕ್ರೀ?’ ಅಂದೆ.

‘ಮಂಚ ಕುಸಿದು ಒಬ್ಬ ಹುಡುಗಿ ಕೈ ಮುರೀತು ಮೇಡಂ’ ಅಂದರು ವಾರ್ಡನ್. ‘ನೆಲಾನೇ ಗಟ್ಟಿ ಐತೆ. ಮೇಲಿನವರಿಗೆ ಬರೆದೀವಿ. ಪರಿಶೀಲನೇಲಿ ಐತಂತೆ.’

ಊರಿಗೆ ಬಂದವಳೇ ಶಿವಲೀಲಾಗೆ ಹೇಳಿದೆ.

ಇತ್ತ ರಿಂಗಿನವರು ಅವಳನ್ನು ಮರೆತಿರಲಿಲ್ಲ. ಯಾವ ಟೆಂಡರ್ ಹಾಕಿದರೂ ಅರ್ಜಿ ಹೊರಗೆ. ಒಮ್ಮೆ ಸಹಿ ಸರಿಯಿಲ್ಲ, ಇನ್ನೊಮ್ಮೆ ಸ್ಕ್ಯಾನ್ ಮಸುಕು. ಕೆಲಸಗಾರರು ಒಬ್ಬೊಬ್ಬರಾಗಿ ದಾವಣಗೆರೆ ಬಸ್ಸು ಹತ್ತಿದರು. ಕೊನೆಗೆ ಆ ಗುತ್ತಿಗೆದಾರನಿಗೆ ಅವಳೇ ಫೋನ್ ಮಾಡಿದಳು. ಹೊನ್ನಾಳಿಯ ಶಾಲೆಯೊಂದರ ಬೆಂಚಿಗೆ ಅವನು ಹೇಳಿದ ರೇಟು ಹಾಕಿ, ಅವನು ಹೇಳಿದಂತೆ ಸೋತಳು.

‘ಈ ಸಲ ನನ್ ಅರ್ಜೀಲಿ ಒಂದ್ ತಪ್ಪೂ ಸಿಗಲಿಲ್ಲ ನೋಡು’ ಎಂದು ನಕ್ಕಳು. ಕಣ್ಣು ನಗಲಿಲ್ಲ.

‘ಆ ಹುಡುಗಿ ನೆನಪಾಗಲಿಲ್ವೇನೇ?’ ಎಂದು ಕೇಳಿಯೇಬಿಟ್ಟೆ.

‘ಆಗತಾಳೆ. ದಿನಾ ಆಗತಾಳೆ. ಮತ್ತೆ ಶಾಪ್ ಹೆಂಗೆ ನಡೆಸಲಿ, ನೀನೇ ಹೇಳು?’

ಕೇಳುವುದು ನನಗೆ ಸುಲಭ. ಅಂಕಣ ಬರೆಯುವವಳಿಗೆ ಯಾವ ಟೆಂಡರಿನ ಹಂಗೂ ಇಲ್ಲ.

ರಿಂಗ್ ಸೇರುವುದೂ ಅಪರಾಧವೇ. ಅವಳಿಗೂ ಅದು ಗೊತ್ತು. ಗೆದ್ದವನ ಬೆನ್ನಿಗೆ ನಾಯಕರಿದ್ದಾರೆ, ಇವಳ ಬೆನ್ನಿಗೆ ಶಾಪಿನ ಗೋಡೆಯಷ್ಟೇ. ನಾಳೆ ತನಿಖೆ ಅಂತೊಂದು ನಡೆದರೆ, ಕಪ್ಪುಪಟ್ಟಿಗೆ ಮೊದಲು ಸೇರುವುದು ಯಾರ ಹೆಸರು ಅಂತೀರಿ?